ಎರಡನೇ ಸಲ ಕೇಳದ ಅತಿಥಿ

ಪರದೇಶದವರಿಗೆ ರಜೆ ಬಂತೆಂದರೆ ನಮಗೆ ಕೆಲಸ ಬಂತೆಂದೇ ಅರ್ಥ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಇದನ್ನು ಚೆನ್ನಾಗಿ ಕಲಿತೆ. ಆಗ ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಮನೆ ಹಿಡಿದು, ದಿನಾ ಬಸ್ಸು ಹತ್ತಿ, ಅಮ್ಮಿನಬಾವಿಯ ಆಚೆಗಿನ ಒಂದು ಸಣ್ಣ ಹಳ್ಳಿಯ ಸರಕಾರಿ ಕನ್ನಡ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದೆ. ಹಳ್ಳಿಯ ಹೆಸರು ಹೇಳುವುದಿಲ್ಲ. ಅಲ್ಲಿಯ ಜನ ಈ ಸಂಗತಿಯನ್ನು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ನನಗೆ ಅದನ್ನು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ.

ಸಪ್ತಾಪುರದಲ್ಲಿ ನಮ್ಮ ಓಣಿಗೆ ಹತ್ತಿರವೇ ಒಂದು ಸಂಸ್ಥೆ ಇತ್ತು. ಪ್ರತಿವರ್ಷ ಜುಲೈ, ಆಗಸ್ಟ್ ಬಂದರೆ ಇಂಗ್ಲೆಂಡಿನಿಂದಲೋ ಇನ್ನೆಲ್ಲಿಂದಲೋ ಕಾಲೇಜು ಹುಡುಗ ಹುಡುಗಿಯರನ್ನು ಕರೆಸಿ ಹಳ್ಳಿಯ ಶಾಲೆಗಳಿಗೆ ಹಂಚುವುದು ಅದರ ಕೆಲಸ. ಅವರಿಗೆ ಸ್ವಯಂಸೇವಕ ಶಿಕ್ಷಕರು ಎಂದು ಹೆಸರು. ಅವರ ರಜೆಯ ತಿಂಗಳುಗಳು ನಮಗೆ ಪಾಠ ಜೋರಾಗಿ ನಡೆಯುವ ತಿಂಗಳುಗಳು ಎಂಬುದನ್ನು ಯಾರೂ ವಿಚಾರ ಮಾಡಲಿಲ್ಲ. ನಮ್ಮ ಮಕ್ಕಳು ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನಲ್ಲಿ ಸುಮ್ಮನೆ ಅಲೆಯುತ್ತಿದ್ದಾಗ ಕಲಿಸಲು ಯಾರೂ ಬರುತ್ತಿರಲಿಲ್ಲ. ಬಿಸಿಲು ಅವರಿಗೆ ಒಗ್ಗುವುದಿಲ್ಲವಂತೆ.

ಶಾಲೆಯಲ್ಲಿ ಇಂಗ್ಲಿಷ್ ಸರಾಗವಾಗಿ ಮಾತಾಡಬಲ್ಲವಳು ನಾನೊಬ್ಬಳೇ. ಹಾಗಾಗಿ ಬಂದವರನ್ನು ಸಪ್ತಾಪುರದಿಂದ ಬಸ್ಸಿನಲ್ಲಿ ಕರೆದುಕೊಂಡು ಹೋಗುವುದು, ಅವರ ಮಾತು ಊರವರಿಗೆ, ಊರವರ ಮಾತು ಅವರಿಗೆ ತಿಳಿಸುವುದು, ಅವರ ನೀರಿನ ಬಾಟಲಿ ಎಲ್ಲಿ ಮರೆತರೆಂದು ಹುಡುಕುವುದು, ಎಲ್ಲ ನನ್ನ ಪಾಲಿಗೆ ಬಂತು. ಮೊದಲ ವರ್ಷ ಬಂದವನು ಗಿಟಾರು ತಂದಿದ್ದ. ಎರಡನೇ ವರ್ಷದವನು ಮಕ್ಕಳನ್ನು ಸಾಲಾಗಿ ಕೂರಿಸುವುದು ದಬ್ಬಾಳಿಕೆ, ಸುತ್ತಾಗಿ ಕೂರಿಸಿ ಅಂದ. ಕೂರಿಸಿದೆವು. ಅರ್ಧ ಮಕ್ಕಳಿಗೆ ಕರಿಹಲಗೆ ಬೆನ್ನ ಹಿಂದೆ ಹೋಯಿತು. ನಮ್ಮ ಬಡತನ ನೋಡಿ ಇವರಿಗೆಲ್ಲ ಕಣ್ಣಲ್ಲಿ ನೀರು ಬರುತ್ತಿತ್ತು, ಅದನ್ನು ಒರೆಸಿಕೊಂಡು ಶುಕ್ರವಾರ ಮಧ್ಯಾಹ್ನವೇ ಗೋವಾದ ಬಸ್ಸು ಹತ್ತುತ್ತಿದ್ದರು. ಶನಿವಾರ ಮುಂಜಾನೆ ನಮ್ಮ ಶಾಲೆ ಇರುತ್ತದೆಂಬುದು ಅವರ ಕಿವಿಗೆ ಬೀಳಲೇ ಇಲ್ಲ.

ಪಾಠದ ವಿಷಯ ಕೇಳಲೇಬೇಡಿ. ಬಂದ ಪ್ರತಿಯೊಬ್ಬರೂ ಇಂಗ್ಲಿಷನ್ನು ಮೊದಲ ಅಕ್ಷರದಿಂದಲೇ ಶುರು ಮಾಡುತ್ತಿದ್ದರು. ಸೇಬಿನ ಚಿತ್ರ, ಬೆಕ್ಕಿನ ಚಿತ್ರ, ಕೆಂಪು, ಹಳದಿ, ಮೂಗು, ಕಿವಿ. ಮುಂದಿನ ವರ್ಷ ಬೇರೆಯವರು, ಅದೇ ಸೇಬು, ಅದೇ ಬೆಕ್ಕು. ಹಿಂದಿನವರು ಏನು ಕಲಿಸಿದರೆಂದು ಕೇಳುವ ಪದ್ಧತಿ ಅವರಲ್ಲಿ ಇದ್ದಂತಿರಲಿಲ್ಲ. ತಮಗಿಂತ ಮೊದಲು ಈ ಮಕ್ಕಳು ಬಾಯಿ ಬಿಟ್ಟು ಒಂದಕ್ಷರವನ್ನೂ ಆಡಿಲ್ಲವೆಂದೇ ಅವರೆಲ್ಲರ ನಂಬಿಕೆ.

ಆ ನಂಬಿಕೆಗೆ ನಮ್ಮವರದೂ ಕೈ ಇತ್ತು ಅನ್ನಿ. ಹೆಡ್‌ಮಾಸ್ತರರು ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿ ತಾಕೀತು ಮಾಡುತ್ತಿದ್ದರು: "ಅವರು ಹೇಳೂಕಿಂತ ಮೊದಲ ಹೇಳಬ್ಯಾಡ್ರಿ. ಪಾಪ, ಅಷ್ಟು ದೂರದಿಂದ ಬಂದಾರ. ಬಂದವರಿಗೆ ಬ್ಯಾಸರ ಆಗಬಾರದು." ಮಕ್ಕಳು ಜಾಣರು. ಸೇಬಿನ ಚಿತ್ರ ಎತ್ತಿ ಹಿಡಿದರೆ ಬಾಯಿ ಮುಚ್ಚಿಕೊಂಡು, ಕಣ್ಣು ಅರಳಿಸಿ ಕೂರುತ್ತಿದ್ದರು. ಅವರು ಹೇಳಿಕೊಟ್ಟ ಮೇಲೆ ಆಗಷ್ಟೇ ಹೊಳೆದವರಂತೆ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಬಂದವರು ತಮ್ಮ ಕಲಿಸುವ ಶಕ್ತಿಗೆ ತಾವೇ ಬೆರಗಾಗಿ ನನ್ನ ಮುಖ ನೋಡುತ್ತಿದ್ದರು. ನಾನು ಹೌದೆಂದು ತಲೆದೂಗುತ್ತಿದ್ದೆ, ಇನ್ನೇನು ಮಾಡಲಿ.

ಈ ಸೋಗು ಬರದೇ ಇದ್ದವಳು ಒಬ್ಬಳೇ ಹುಡುಗಿ. ಊರಿನ ಪಂಪ್‌ಸೆಟ್ ರಿಪೇರಿ ಮಾಡುವ ಮುಸಲ್ಮಾನರ ಮನೆಯವಳು. ಅವಳ ಅಪ್ಪನನ್ನು ಊರವರೆಲ್ಲ ಮಿಸ್ತ್ರಿ ಎಂದೇ ಕರೆಯುತ್ತಿದ್ದರು. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು ಆತನ ಕಸುಬು. ಮಗಳು ಏಳನೇ ಇಯತ್ತೆ. ಆ ವರ್ಷ ಬಂದ ಇಂಗ್ಲೆಂಡಿನ ಹುಡುಗಿ ಸೇಬಿನ ಚಿತ್ರ ಎತ್ತಿದ ಕೂಡಲೇ ಇವಳು ಎದ್ದು ನಿಂತು, ಹೆಸರು ಹೇಳಿ, ಅದರ ಕೆಳಗಿನ ಅಕ್ಷರ ಓದಿ, ಮುಂದಿನ ಚಿತ್ರ ತೋರಿಸಿ ಎಂದು ಇಂಗ್ಲಿಷಿನಲ್ಲೇ ಕೇಳಿಬಿಟ್ಟಳು. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಕಣ್ಣು ಕೆಂಪು ಮಾಡಿದರು. ಅವಳು ಲೆಕ್ಕಿಸಲಿಲ್ಲ.

"ಗೊತ್ತಿದ್ದದ್ದನ್ನ ಗೊತ್ತಿಲ್ಲ ಅಂತ ಯಾಕ ಅನಬೇಕ್ರಿ ಟೀಚರ್?" ಎಂದು ಆಮೇಲೆ ನನ್ನನ್ನೇ ಕೇಳಿದಳು. ಹೆಡ್‌ಮಾಸ್ತರರನ್ನು ಕೇಳು ಅಂದೆ.

ಹೀಗೆ ಆ ಪರದೇಶದ ಹುಡುಗಿಯ ಕಣ್ಣು ಇವಳ ಮೇಲೆ ಬಿತ್ತು. ನಿಜ ಹೇಳಬೇಕೆಂದರೆ ಬಂದವರಲ್ಲೆಲ್ಲ ಅವಳೇ ಸ್ವಲ್ಪ ಛಲೋ. ಗೋವಾಕ್ಕೆ ಒಂದೇ ಸಲ ಹೋದಳು. ಮಳೆಗಾಲದ ಎರೆಮಣ್ಣು ಚಪ್ಪಲಿಗೆ ಸೇರುಗಟ್ಟಲೆ ಮೆತ್ತಿಕೊಂಡರೂ ಗೊಣಗದೆ ನಡೆಯುತ್ತಿದ್ದಳು. ಚಿತ್ರಗಳನ್ನು ಬದಿಗಿಟ್ಟು, ಶಾಲೆ ಬಿಟ್ಟ ಮೇಲೆ ಈ ಹುಡುಗಿಗೆ ಕತೆ ಪುಸ್ತಕ ಓದಿಸತೊಡಗಿದಳು. ಇಬ್ಬರೂ ಕಟ್ಟೆಯ ಮೇಲೆ ಕೂತು ನಗುವುದನ್ನು ನೋಡಿದರೆ ನನಗೂ ಸಂತೋಷವಾಗುತ್ತಿತ್ತು. ಹೊಟ್ಟೆಕಿಚ್ಚೂ ಸ್ವಲ್ಪ ಆಗುತ್ತಿತ್ತು. ಐದನೇ ಇಯತ್ತೆಯಿಂದ ಕಲಿಸಿದವಳು ನಾನು, ಮೆರೆಯುವವಳು ಅವಳು.

ಆದರೆ ಅವಳಲ್ಲಿ ಒಂದು ದೋಷವಿತ್ತು. ಸಂಸ್ಥೆಯವರು ಬಂದ ದಿನವೇ ಅವಳಿಗೆ ಕನ್ನಡದ ಎರಡು ಮಾತು ಕಲಿಸಿದ್ದರು: ಬೇಕು, ಬೇಡ. ಆ ಎರಡು ಮಾತು ಬಂದರೆ ಕನ್ನಡ ಪೂರ್ತಿ ಬಂತೆಂದೇ ಅವಳು ತಿಳಿದಿದ್ದಳು. ಊರವರು ಊಟಕ್ಕೆ ಕರೆದಾಗ ರೊಟ್ಟಿ ಸಾಕೆಂದು "ಬೇಡ" ಅನ್ನುವಳು, ಅವರು ಇನ್ನೊಂದು ರೊಟ್ಟಿ ಹಾಕುವರು. ಮತ್ತೆ "ಬೇಡ" ಅನ್ನುವಳು, ಮತ್ತೆ ಬೀಳುವುದು. ಬಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡು ನನ್ನನ್ನು ಕೇಳಿದಳು, ಬೇಡ ಅಂದರೂ ಯಾಕೆ ಹಾಕುತ್ತಾರೆ ಎಂದು.

ನಾನು ವಿವರಿಸಿದೆ. ನಮ್ಮಲ್ಲಿ ಮೊದಲನೆಯ ಬೇಡ ಬೇಡವಲ್ಲ, ಮರ್ಯಾದೆ. ಚಹಾ ಬೇಕೇ ಅಂದರೆ ಈಗಷ್ಟೇ ಆಗಿದೆ ಅನ್ನಬೇಕು. ಮತ್ತೊಮ್ಮೆ ಕೇಳಿದರೆ ನಿಮಗ್ಯಾಕೆ ತ್ರಾಸು ಅನ್ನಬೇಕು. ಇನ್ನೊಮ್ಮೆ ಒತ್ತಾಯ ಮಾಡಿದ ಮೇಲೆ ಅರ್ಧ ಕಪ್ ಕೊಡಿ ಅನ್ನಬೇಕು, ಆಗ ಅವರು ಪೂರ್ತಿ ಕಪ್ ಕೊಡುತ್ತಾರೆ. ಕೇಳಿದ ಕೂಡಲೇ ಹೂಂ ಅಂದವರಿಗೆ ನಮ್ಮವ್ವ "ಎಷ್ಟು ದಿನದಿಂದ ಉಪವಾಸ ಇದ್ರೋ ಏನೋ" ಎಂದು ಅವರ ಬೆನ್ನ ಹಿಂದೆ ಅನ್ನುತ್ತಿದ್ದಳು. ಹಿಂದೂ ಮನೆಯಾಗಲಿ ಮುಸಲ್ಮಾನರ ಮನೆಯಾಗಲಿ, ಧಾರವಾಡದ ಸುತ್ತ ಈ ವಿಷಯದಲ್ಲಿ ಭೇದವೇ ಇಲ್ಲ. ಒಬ್ಬರಿಗಿಂತ ಒಬ್ಬರು ಹೆಚ್ಚು.

ಅವಳು ಗಂಭೀರವಾಗಿ ಕೇಳಿ, ತಲೆ ಅಲ್ಲಾಡಿಸಿದಳು. "ಅದು ಸರಿಯಲ್ಲ. ಒಬ್ಬರು ಬೇಡ ಅಂದರೆ ಅಲ್ಲಿಗೆ ನಿಲ್ಲಿಸಬೇಕು," ಎಂದು ಇಂಗ್ಲಿಷಿನಲ್ಲಿ ನನಗೇ ಪಾಠ ಹೇಳಿದಳು. ಸರಿ ತಾಯಿ, ನಾವು ತಪ್ಪು ಅಂದುಕೊಂಡೆ.

ಆಗಸ್ಟ್ ಮುಗಿಯುತ್ತಾ ಬಂದಾಗ ಅವಳು ನನಗೊಂದು ಸಂಗತಿ ಹೇಳಿದಳು. ತನ್ನ ತಂದೆತಾಯಿಗೆ ಬರೆದು ಕೇಳಿದ್ದಾಳೆ, ಅವರು ಒಪ್ಪಿದ್ದಾರೆ, ಈ ಹುಡುಗಿಯನ್ನು ಧಾರವಾಡದ ಹಾಸ್ಟೆಲಿನಲ್ಲಿ ಇಟ್ಟು ಹೈಸ್ಕೂಲು, ಕಾಲೇಜು ಓದಿಸುವ ಖರ್ಚು ಪೂರ್ತಿ ಅವರದು. ನಾನು ಅವಳ ಕೈ ಹಿಡಿದುಕೊಂಡೆ. ನಮ್ಮ ಹಳ್ಳಿಯಲ್ಲಿ ಶಾಲೆ ಏಳನೇ ಇಯತ್ತೆಗೆ ಮುಗಿಯುತ್ತಿತ್ತು. ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಬೇಕು, ಸಂಜೆಯ ಬಸ್ಸು ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಕತ್ತಲಾದ ಮೇಲೆ ಮಗಳು ರಸ್ತೆಯಲ್ಲಿ ನಿಲ್ಲುವುದನ್ನು ಯಾವ ಮನೆಯವರೂ ಒಪ್ಪುತ್ತಿರಲಿಲ್ಲ. ಹೆಣ್ಣುಮಕ್ಕಳ ಓದು ಅಲ್ಲಿಗೇ ಮುಗಿಯುತ್ತಿತ್ತು. ಇವಳದೂ ಮುಗಿಯುವುದರಲ್ಲಿತ್ತು.

ಮಿಸ್ತ್ರಿ ಕಟುಕ ಅಪ್ಪನಲ್ಲ. ಮಗಳನ್ನು ಓದಿಸಬೇಕೆಂಬ ಆಸೆ ಆತನಿಗೂ ಇತ್ತು. ಹಾಸ್ಟೆಲಿಗೆ ಎಷ್ಟಾಗುತ್ತದೆ ಎಂದು ನನ್ನ ಬಳಿ ವಿಚಾರಿಸಿ, ಕೇಳಿ, ಸುಮ್ಮನೆ ತಲೆ ಕೆರೆದುಕೊಂಡು ಹೋಗಿದ್ದ. ಹಾಗಾಗಿ ನನಗೆ ಸಂಶಯವೇ ಇರಲಿಲ್ಲ. ನಾವು ಬರುವುದಾಗಿ ಮೊದಲೇ ಹೇಳಿ ಕಳಿಸಿದೆ. ನಾನು, ಆ ಪರದೇಶದ ಹುಡುಗಿ, ಕರೆಯದೇ ಇದ್ದರೂ ಹೆಡ್‌ಮಾಸ್ತರರು, ಮೂವರೂ ಶಾಲೆ ಬಿಟ್ಟ ಮೇಲೆ ಆತನ ಮನೆಗೆ ಹೋದೆವು.

ಮನೆ ಸಾರಿಸಿ ಸಜ್ಜಾಗಿತ್ತು. ಮೋಟಾರುಗಳನ್ನು ಮೂಲೆಗೆ ಸರಿಸಿ ಮೇಲೆ ಚಾದರ ಹೊದಿಸಿದ್ದರು. ಮಿಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಸುದ್ದಿ ಆಗಲೇ ಹರಡಿ ಓಣಿಯ ಅರ್ಧ ಜನ ಬಾಗಿಲಲ್ಲಿ ಬಂದು ನಿಂತಿದ್ದರು. ಚಹಾ ಬೇಕೇ ಅಂದರೆ ನಮ್ಮ ಅತಿಥಿ ಒಂದೇ ಏಟಿಗೆ "ಬೇಕು" ಅಂದಳು, ಒಳಗಿನಿಂದ ಹುಡುಗಿಯ ಅವ್ವ ನಕ್ಕದ್ದು ಕೇಳಿಸಿತು. ಹುಡುಗಿಯೇ ಚಹಾ ತಂದು ಕೊಟ್ಟು, ಒಳಬಾಗಿಲಿಗೆ ಒರಗಿ ನಿಂತಳು. ಅವಳಿಗೆ ವಿಷಯ ಗೊತ್ತಿತ್ತು. ಕೈಯಲ್ಲಿ ಖಾಲಿ ತಾಟು ಹಾಗೇ ಹಿಡಿದುಕೊಂಡಿದ್ದಳು.

ಅತಿಥಿ ಮಾತು ಶುರು ಮಾಡಿದಳು. ನಾನು ಒಂದೊಂದನ್ನೂ ಕನ್ನಡದಲ್ಲಿ ಹೇಳಿದೆ. ಮಿಸ್ತ್ರಿಯ ಮುಖ ಅರಳಿದ್ದನ್ನು ನಾನು ಕಣ್ಣಾರೆ ನೋಡಿದೆ, ಅದರಲ್ಲಿ ಎರಡು ಮಾತಿಲ್ಲ. ಆತ ಒಮ್ಮೆ ಮಗಳ ಕಡೆ ನೋಡಿದ, ಒಮ್ಮೆ ಬಾಗಿಲಲ್ಲಿ ನಿಂತವರ ಕಡೆ ನೋಡಿದ. ಆಮೇಲೆ ಎರಡೂ ಕೈ ಜೋಡಿಸಿದ.

"ಬ್ಯಾಡ್ರಿ ಮೇಡಮ್ಮಾರ," ಅಂದ. "ನೀವು ಅಷ್ಟು ದೂರದಿಂದ ಬಂದು ನನ್ನ ಮಗಳಿಗೆ ನಾಕ ಅಕ್ಷರ ಕಲಿಸಿದ್ದ ದೊಡ್ಡದಾತು. ಇನ್ನ ಮ್ಯಾಲೆ ನಿಮ್ಮ ಮನಿಯವರಿಗೆ ತ್ರಾಸ ಯಾಕ್ರಿ?"

ಒಬ್ಬ ಸಭ್ಯ ಮನುಷ್ಯ ಏನು ಅನ್ನಬೇಕೋ ಅದನ್ನೇ ಅಂದಿದ್ದ. ನಮ್ಮ ಊರಿನವರಾಗಿದ್ದರೆ ಈಗ ಮುಂದೆ ಬಾಗಿ, ತ್ರಾಸು ಎಂಥದು, ನಿಮ್ಮ ಮಗಳು ನಮ್ಮ ಮಗಳಲ್ಲವೇ ಅನ್ನಬೇಕು. ಆತ ಮತ್ತೊಮ್ಮೆ ಸಣ್ಣಗೆ ಬೇಡ ಅನ್ನಬೇಕು, ಇವರು ಸಿಟ್ಟು ಬಂದವರಂತೆ ಮಾಡಬೇಕು, ಆಗ ಆತ ನಿಮ್ಮ ಮನಸ್ಸು ಎಂದು ಒಪ್ಪಬೇಕು. ಎಲ್ಲರಿಗೂ ಗೊತ್ತಿರುವ ದಾರಿ ಇದು. ಬಾಗಿಲಲ್ಲಿ ನಿಂತವರೂ ಅದನ್ನೇ ಕಾಯುತ್ತಿದ್ದರು.

ಆದರೆ ಅತಿಥಿಗೆ ಆ ಮೊದಲ ಮಾತು ಅರ್ಥವಾಗಿಹೋಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳ ಮುಖ ಬಾಡಿತು. "ಬೇಡ ಅಂದರು," ಎಂದು ನನ್ನ ಕಡೆ ತಿರುಗಿದಳು. ಬೇಡ ಅಂದದ್ದು ಮರ್ಯಾದೆಗೆ, ಇನ್ನೊಮ್ಮೆ ಕೇಳು, ಒಪ್ಪುತ್ತಾರೆ ಎಂದು ನಾನು ಇಂಗ್ಲಿಷಿನಲ್ಲಿ ಅವಸರದಿಂದ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಹೊರಡುವ ಮೊದಲು ಅವಳ ದೇಶದಲ್ಲಿ ಅವರಿಗೆಲ್ಲ ತರಬೇತಿ ಕೊಟ್ಟಿದ್ದರಂತೆ. ತಮ್ಮ ಇಚ್ಛೆಯನ್ನು ಅಲ್ಲಿಯ ಜನರ ಮೇಲೆ ಹೇರಬಾರದು, ತಂದೆಯ ಮಾತಿಗೆ ಬೆಲೆ ಕೊಡಬೇಕು ಎಂದು. "ಒತ್ತಾಯ ಮಾಡಲು ನಾನು ಯಾರು?" ಅಂದಳು. ಮಕ್ಕಳ ಬಾಯಿಗೆ ಸೇಬು ತುರುಕುವಾಗ ಯಾರಿಗೂ ಬರದ ಪ್ರಶ್ನೆ ಈಗ ಬಂದಿತ್ತು.

ನಾನು ಮಿಸ್ತ್ರಿಯ ಕಡೆ ತಿರುಗಿದೆ. "ಆಕಿ ಇನ್ನೊಮ್ಮೆ ಕೇಳಂಗಿಲ್ಲ. ಅವರ ಕಡೆ ಆ ಪದ್ಧತಿ ಇಲ್ಲ. ಈಗ ಹೂಂ ಅಂದುಬಿಡ್ರಿ," ಅಂದೆ.

ಆತ ನಕ್ಕ. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡನೋ ಏನೋ. "ನಾನ ಬಾಯಿಬಿಟ್ಟು ಬೇಕು ಅಂತ ಹೆಂಗ ಅನ್ನೂದ್ರಿ ಟೀಚರ್, ಇಷ್ಟು ಮಂದಿ ಮುಂದ?" ಅಂದ.

ಅಷ್ಟರಲ್ಲಿ ಹೆಡ್‌ಮಾಸ್ತರರಿಗೆ ಹುಮ್ಮಸ್ಸು ಬಂತು. ಎದೆ ಉಬ್ಬಿಸಿ, ತಮಗೆ ಬರುವ ಇಂಗ್ಲಿಷಿನಲ್ಲಿ, ನಮ್ಮ ಹಳ್ಳಿಯ ಜನ ಬಡವರಾದರೂ ಸ್ವಾಭಿಮಾನಿಗಳು, ಯಾರ ಹಂಗಿನಲ್ಲೂ ಇರುವವರಲ್ಲ ಎಂದು ಅತಿಥಿಗೆ ತಿಳಿಸಿದರು. ಅವಳು ಕಣ್ಣು ತುಂಬಿಕೊಂಡು ಮಿಸ್ತ್ರಿಗೆ ಕೈ ಮುಗಿದಳು. ಮಿಸ್ತ್ರಿಯೂ ಕೈ ಮುಗಿದ. ಆ ಮನೆಯವರಲ್ಲಿ ಎರಡೂ ಭಾಷೆ ಬರುತ್ತಿದ್ದವಳು ಒಳಬಾಗಿಲಲ್ಲಿ ನಿಂತ ಹುಡುಗಿ ಒಬ್ಬಳೇ. ಅವಳು ತಾಟನ್ನು ನೆಲದ ಮೇಲೆ ಇಟ್ಟು ಒಳಗೆ ಹೋದಳು.

ಬಸ್ಸಿನಲ್ಲಿ ನಾನು ಅವಳೊಡನೆ ಜಗಳವನ್ನೇ ಆಡಿದೆ. ನಿನ್ನ ಸಭ್ಯತೆಗೆ ಬೆಂಕಿ ಬೀಳಲಿ, ಒಂದು ಸಲ, ಇನ್ನೊಂದೇ ಸಲ ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಂದೆ. ಇಂಗ್ಲಿಷಿನಲ್ಲಿ ಇಷ್ಟು ಚೆಂದ ಬರಲಿಲ್ಲ, ಅರ್ಥ ಮಾತ್ರ ಇದೇ. ಅವಳು ಅಳುತ್ತಾ, ನೀನು ಒಬ್ಬ ತಂದೆಯ ನಿರ್ಧಾರವನ್ನು ಗೌರವಿಸುತ್ತಿಲ್ಲ ಅಂದಳು. ಅಳುವವಳನ್ನು ಇನ್ನೇನು ಬೈಯುವುದು.

ಮರುದಿನ ಶಾಲೆಯಲ್ಲಿ ಬೀಳ್ಕೊಡುಗೆ. ಹಾರ, ತೆಂಗಿನಕಾಯಿ, ಕುಪ್ಪಸದ ಖಣ, ಭಾಷಣ. ಮಿಸ್ತ್ರಿ ಮುಂಜಾನೆಯೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ, ಅದೇ ಇಸ್ತ್ರಿ ಅಂಗಿಯಲ್ಲಿ. ಅತಿಥಿ ಎಲ್ಲಿ ಹೋದರೂ ಆತನೂ ಆ ಕಡೆಗೆ ಸರಿದು ಎದುರಿಗೆ ನಿಲ್ಲುತ್ತಿದ್ದ. ನನಗೆ ನೋಡಲಾಗಲಿಲ್ಲ, ಆದರೆ ಬಸ್ಸಿನ ಜಗಳದ ಮೇಲೆ ಅವಳು ನನ್ನ ಮಾತು ಕೇಳುವ ಹಾಗಿರಲಿಲ್ಲ. ಸಂಸ್ಥೆಯವರು ಕಳಿಸಿದ ಜೀಪು ಹತ್ತುವಾಗಲೂ ಆತ ಬಾಗಿಲ ಬಳಿಯೇ ಇದ್ದ. ಅವಳು ಆತನ ಕೈಗೆ ಮಗಳ ಒಂದು ಫೋಟೋ ಕೊಟ್ಟು, ತಲೆ ಬಾಗಿಸಿ ಕೈ ಮುಗಿದು, ಹತ್ತಿ ಹೋಗಿಬಿಟ್ಟಳು.

ಜೀಪು ರಸ್ತೆಗೆ ಇಳಿದ ಮೇಲೆ ಆತ ನನ್ನ ಹತ್ತಿರ ಬಂದ. "ಹೋಗೂ ಮುಂದ ಒಮ್ಮೆ ಕೇಳ್ತಾರ ಅನ್ಕೊಂಡಿದ್ನಿರಿ," ಅಂದ.

ಅದೇ ಸಂಜೆ ನಾನು ಸಂಸ್ಥೆಗೆ ಹೋದೆ. ಅವಳು ಆಗಲೇ ಮುಂಬಯಿ ಬಸ್ಸು ಹತ್ತಿದ್ದಳು. ಅವಳ ವಿಳಾಸ ಕೊಡಿ, ನಾನೇ ಬರೆದು ತಿಳಿಸುತ್ತೇನೆ ಅಂದರೆ ಅಲ್ಲಿಯ ಕಾರ್ಯದರ್ಶಿ ಕೊಡಲು ಬರುವುದಿಲ್ಲ ಅಂದರು. ಪಾಲಕರು ನಿರಾಕರಿಸಿದ ಮೇಲೆ ಆ ವಿಷಯ ಮುಗಿದ ಹಾಗೆ, ಬೇಕೆನ್ನುವ ಪಾಲಕರು ಬೇರೆ ಇದ್ದಾರಲ್ಲ ಅಂದರು. ಅವರೂ ಧಾರವಾಡದವರೇ. ನನಗೆ ಚಹಾ ಬೇಕೇ ಎಂದು ಮೂರು ಸಲ ಕೇಳಿದರು. ನಾನು ಮೂರು ಸಲವೂ ಬೇಡ ಅಂದೆ, ಮೂರೂ ಖರೇನೇ. ಮರುವರ್ಷ ಬಂದ ಹೊಸ ಹುಡುಗನೊಬ್ಬ ನನಗೆ ಹೇಳಿದ, ಒಬ್ಬ ಬಡ ತಂದೆಯ ಸ್ವಾಭಿಮಾನದ ಕಥೆ ಕೇಳಿಯೇ ತಾನು ಈ ಊರನ್ನು ಆರಿಸಿಕೊಂಡೆ ಎಂದು. ಅವನ ಚೀಲದಿಂದಲೂ ಸೇಬಿನ ಚಿತ್ರವೇ ಹೊರಬಿತ್ತು.

ಇನ್ನೂ ಏನಾದರೂ ಮಾಡಬಹುದಿತ್ತು, ಊರವರು ಸುಮ್ಮನಿದ್ದಿದ್ದರೆ. ಆದರೆ ಊರಿಗೆ ಊರೇ ಮಿಸ್ತ್ರಿಯನ್ನು ಹೊಗಳತೊಡಗಿತು. ಪರದೇಶದವರ ರೊಕ್ಕ ಕಾಲಬುಡಕ್ಕೆ ಬಂದರೂ ಒದ್ದ ಗಂಡಸು ಅಂದರು. ಚಹಾದಂಗಡಿಯಲ್ಲಿ ಆತನಿಗೆ ಜಾಗ ಬಿಟ್ಟು ಕೊಟ್ಟರು. ನವೆಂಬರಿನ ರಾಜ್ಯೋತ್ಸವದ ದಿನ ಹೆಡ್‌ಮಾಸ್ತರರು ಆತನನ್ನು ವೇದಿಕೆಗೆ ಕರೆದು, ನಾಡಿನ ಸ್ವಾಭಿಮಾನದ ಬಗ್ಗೆ ಉದ್ದನೆಯ ಭಾಷಣ ಮಾಡಿ, ಹೆಗಲಿಗೆ ಶಾಲು ಹೊದಿಸಿದರು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಏಳನೇ ಇಯತ್ತೆಯ ಸಾಲಿನಲ್ಲಿ ಅವಳೂ ಕೂತಿದ್ದಳು, ಅವಳ ಕೈ ಮಡಿಲಲ್ಲೇ ಇತ್ತು.

ಪರೀಕ್ಷೆಯಲ್ಲಿ ಅವಳು ತಾಲೂಕಿಗೇ ಹೆಚ್ಚಿನ ಅಂಕ ತೆಗೆದಳು. ಜೂನಿನಲ್ಲಿ, ಹೈಸ್ಕೂಲು ಶುರುವಾಗುವ ಹೊತ್ತಿಗೆ, ನಾನು ಮಿಸ್ತ್ರಿಯ ಮನೆಗೆ ಹೋದೆ. ಮಗಳನ್ನು ನನ್ನ ಮನೆಗೆ ಕಳಿಸಿ, ಸಪ್ತಾಪುರದಲ್ಲಿ ನನ್ನ ಜೊತೆ ಇದ್ದು ಓದಲಿ, ನನಗೂ ಜೊತೆಯಾಗುತ್ತದೆ ಅಂದೆ. ಆತ ಬೇಡ ಅಂದ. ನಾನು ಇಲ್ಲಿಯವಳು, ಬಿಡುತ್ತೇನೆಯೇ? ಮತ್ತೆ ಕೇಳಿದೆ. ಸಿಟ್ಟಾದೆ. ಚಹಾ ಕುಡಿಯುವುದಿಲ್ಲ ಎಂದು ಹಟ ಹಿಡಿದು ಕೇಳಿದೆ. ನಿಮ್ಮ ಮಗಳು ನನ್ನ ಮಗಳಲ್ಲವೇ ಅಂದೆ. ಒಪ್ಪಿಸಲು ನಮ್ಮಲ್ಲಿ ಏನೇನು ಉಪಾಯಗಳಿವೆಯೋ ಎಲ್ಲವನ್ನೂ ಮಾಡಿದೆ.

ಆತ ಮೋಟಾರಿನ ತಂತಿ ಬಿಚ್ಚುತ್ತಾ ಕೂತಿದ್ದ. ತಲೆ ಎತ್ತದೆ, "ಈಗ ಹೆಂಗ್ರಿ ಟೀಚರ್? ಮಂದಿ ಮುಂದ ಶಾಲ ಹೊದಿಸ್ಯಾರ," ಅಂದ.

ಈ ಬೇಡ ಮಾತ್ರ ನಿಜವಾದ ಬೇಡ ಎಂದು ನನಗೆ ಆಗ ತಿಳಿಯಿತು. ಸೋಗಿನ ಬೇಡ ಒಂದನ್ನು ಊರವರೆಲ್ಲ ಸೇರಿ ಹೊಗಳಿ ಹೊಗಳಿ ಖರೇ ಮಾಡಿಬಿಟ್ಟಿದ್ದರು. ಮೈಯೆಲ್ಲ ಉರಿಯಿತು. ಆ ಪರದೇಶದವಳ ಮೇಲೋ, ಹೆಡ್‌ಮಾಸ್ತರರ ಮೇಲೋ, ನಮ್ಮ ಈ ಹಾಳು ಮರ್ಯಾದೆಯ ಮೇಲೋ, ಯಾರ ಮೇಲೆ ಉಗುಳಬೇಕೆಂದು ತಿಳಿಯದೆ ಕೂತಿದ್ದೆ.

ಹುಡುಗಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಿ, ಅಪ್ಪನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ಅಪ್ಪಾ, ಮೇಡಮ್ಮಾರೂ ಟೀಚರೂ ಕೇಳಿದ್ದು ನನ್ನ ಸಲುವಾಗಿ. ನೀ ಬ್ಯಾಡ ಅಂದಿದ್ದು ನಿನ್ನ ಸಲುವಾಗಿ," ಅಂದಳು.

ಮಿಸ್ತ್ರಿಯ ಕೈ ತಂತಿಯ ಮೇಲೆ ನಿಂತಿತು. ಹೊರಗೆ ಯಾರೋ ಚಕ್ಕಡಿಯಲ್ಲಿ ಕೆಟ್ಟ ಮೋಟಾರು ತಂದು ಕರೆಯುತ್ತಿದ್ದರು, ಎದ್ದು ಹೋದ. ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು, ನಾನು ನನ್ನ ಬಸ್ಸಿನ ಹೊತ್ತಾಯಿತೆಂದು ಎದ್ದೆ.